ಅಂಬಣ್ಣನ ಮೊದಲ ಮಾತು

ಪಾರ್ವತಿಬಾಯಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕಾರಣ ದೊಡ್ಡದೇನಲ್ಲ. ನಾಲ್ಕು ವರ್ಷ ತುಂಬುತ್ತಾ ಬಂದರೂ ನನ್ನ ಹತ್ತಿರ ಒಂದು ಮಾತೂ ಆಡದ ನನ್ನ ಮಗ, ಅವಳ ಹತ್ತಿರ ನೀರು ಕೇಳಿದ್ದ.

ನಮ್ಮ ಕಕ್ಕೇರಾ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಿಜಾಮನ ಕಾಲದಲ್ಲಿ ಉರ್ದು ಕಾಗದ ಬರೆಯುತ್ತಿದ್ದ ಚಾವಡಿಯಲ್ಲಿ ಸಣ್ಣ ಮಕ್ಕಳಿಗೆಂದು ಬಾಲವಾಡಿ ತೆರೆದಿದ್ದರು. ಅದನ್ನು ನಡೆಸಲು ಧಾರವಾಡದ ಕಡೆಯಿಂದ ಬಂದವಳು ಪಾರ್ವತಿಬಾಯಿ. ಮದುವೆಯಿಲ್ಲ, ಮಕ್ಕಳಿಲ್ಲ. ಹಡೆಯದವಳು ನನ್ನ ಮಗನಿಗೆ ಏನು ಕಲಿಸಿಯಾಳು ಎಂದು ನಾನು ಮೂಗು ಮುರಿದಿದ್ದೆ. ಕುರಿ ಕಾಯುವ ನನ್ನ ಗಂಡ ಹುಲಗಪ್ಪ ಹಟ ಹಿಡಿದದ್ದಕ್ಕೆ ಕಳಿಸಿದ್ದೆ, ಅಷ್ಟೆ.

ಅಂಬಣ್ಣ ಮೂಕನಲ್ಲ. ಅಳುತ್ತಿದ್ದ, ನಗುತ್ತಿದ್ದ, ಕರೆದರೆ ತಿರುಗುತ್ತಿದ್ದ. ಮಾತು ಮಾತ್ರ ಇಲ್ಲ. ಅವನಿಗೆ ಬೇಕಾದದ್ದು ಅವನು ಕೈ ತೋರಿಸುವ ಮೊದಲೇ ನನಗೆ ತಿಳಿಯುತ್ತಿತ್ತು. ಕೊಡದ ಕಡೆ ನೋಡಿದರೆ ನೀರು, ಬುಟ್ಟಿಯ ಕಡೆ ನೋಡಿದರೆ ರೊಟ್ಟಿ. ಚೆಲ್ಲಿಕೊಂಡಾನೆಂದು ನಾನೇ ಬಾಯಿಗಿಡುತ್ತಿದ್ದೆ. ಇಂಥ ತಾಯಿ ಊರಲ್ಲಿ ಇನ್ನೊಬ್ಬಳಿಲ್ಲ ಎಂಬ ಸೊಕ್ಕು ನನಗೆ. ಅವನಿಗೆ ಮಾತು ಬರಲಿ ಎಂದು ಮೈಲಾಪುರದ ಮಲ್ಲಯ್ಯನಿಗೆ ಒಂದು ಕುರಿಮರಿಯ ಹರಕೆಯನ್ನೂ ಹೊತ್ತಿದ್ದೆ. ಆ ಮರಿಯ ತಾಯಿ ಸತ್ತುಹೋಯಿತು. ದೇವರ ಮರಿ ಸಾಯಬಾರದಲ್ಲ, ಹಗಲೆಲ್ಲ ತೊಡೆಯ ಮೇಲೆ ಹಾಕಿಕೊಂಡು ಆಡಿನ ಹಾಲು ಕುಡಿಸಿ ಸಾಕುತ್ತಿದ್ದೆ.

ಸುದ್ದಿ ತಂದವಳು ಪಕ್ಕದ ಮನೆಯ ಹಜರಾಬೀ. ಬಾಲವಾಡಿಗೆ ಹೋಗುತ್ತಿದ್ದ ಮೊಮ್ಮಗಳನ್ನು ಕರೆತರಲು ಹೋಗಿದ್ದಳಂತೆ.

"ಮಲಕವ್ವಾ, ನಿನ್ನ ಮಗ ಮಾತಾಡ್ಯಾನ! ಪಾರ್ವತಿಬಾಯಾರ ಕಡಿ ನೀರ ಬೇಡ್ಯಾನ. ಖುದಾನ ಕಸಮ, ನನ್ನ ಕಿವೀಲೆ ಕೇಳೇನಿ!"

ಸಂತೋಷಪಡಬೇಕಿತ್ತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹೆತ್ತವಳು ನಾನು, ಹರಕೆ ಹೊತ್ತವಳು ನಾನು, ಮಾತು ಮಾತ್ರ ಅವಳಿಗೆ!

ಮರುದಿನ ಚಾವಡಿಯ ಕಿಟಕಿಯಲ್ಲಿ ನಿಂತು ಕದ್ದು ನೋಡಿದೆ. ಪಾರ್ವತಿಬಾಯಿ ಅವನ ಕೈಗೆ ನೀರು ಹಾಕುತ್ತಿದ್ದಳು. "ಇದು ಯಾರ ಕೈ? ಅಂಬಣ್ಣನ ಕೈ. ನೀರು ತಣ್ಣಗ ಅದನೋ, ಬೆಚ್ಚಗ ಅದನೋ?" ಅಂದಳು. ಅಂದು ಸುಮ್ಮನಾದಳು. ಅವನ ಮುಖ ನೋಡುತ್ತಾ ಕಾದಳು, ಕಾದೇ ಕಾದಳು. ಅವನ ತುಟಿ ಅಲುಗಿತು. ಮಾತು ಹೊರಬೀಳುವ ಮೊದಲೇ ನಾನು ಒಳಗೆ ನುಗ್ಗಿ ಅವನನ್ನು ಎತ್ತಿಕೊಂಡೆ.

"ನನ್ನ ಮಗನ್ನ ನಾನ ಮಾತಾಡಸ್ತೇನ್ರಿ. ನಿಮ್ಮ ಉಪಕಾರ ಸಾಕು."

ಮನೆಗೆ ಬಂದು ಕೊಡದ ಮುಂದೆ ನಿಲ್ಲಿಸಿದೆ. "ನೀರು ಅನ್ನು. ಅನ್ನೋ!" ಎಂದು ಗದರಿದೆ. ಅವನು ಕೊಡದ ಕಡೆ ನೋಡಿದ. ಎರಡನೆಯ ಸಲ ಗದರುವ ಮೊದಲೇ ನನ್ನ ಕೈ ನೀರು ತುಂಬಿದ ಲೋಟವನ್ನು ಅವನ ಬಾಯಿಗಿಟ್ಟಾಗಿತ್ತು. ಎಂಟು ದಿನ ಹೀಗೇ ಕಳೆಯಿತು. ಒಂದು ಮಾತೂ ಹೊರಡಲಿಲ್ಲ.

ಒಂಬತ್ತನೆಯ ದಿನ ಪಾರ್ವತಿಬಾಯಿಯೇ ಬಂದಳು. ನಾನು "ಬರ್ರಿ" ಅನ್ನಲಿಲ್ಲ. ಮರಿಗೆ ಹಾಲು ಕುಡಿಸುತ್ತಾ ಅದರ ಸಂಗಡವೇ ಮಾತು ಮುಂದುವರಿಸಿದೆ. "ಕುಡಿ ನನ್ನ ಬಂಗಾರ. ಸಾವಕಾಶ. ಹೊಟ್ಟಿ ತುಂಬ್ತೇನು? ಇನ್ನಾ ಬೇಕೇನು?" ಎಂದು ಕೇಳಿ, ಅದು ಬ್ಯಾ ಅನ್ನುವವರೆಗೂ ಕಾದೆ.

"ಮರಿ ಕೂಡ ಎಷ್ಟ ಛಂದ ಮಾತಾಡ್ತೀರಿ, ಅಕ್ಕಾರ," ಅಂದಳು ಅವಳು. "ನಾನೂ ಅಲ್ಲಿ ಹಿಂಗ ಮಾಡೋದ್ರಿ. ಮತ್ತೇನೂ ವಿದ್ಯಾ ಇಲ್ಲ ನನ್ನ ಕಡೆ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಅಷ್ಟು ಹೇಳಿ ಅವಳು ಹೋದಳು.

ತಿರುಗಿ ನೋಡಿದರೆ ಕಂಬದ ಪಕ್ಕ ಅಂಬಣ್ಣ ನಿಂತಿದ್ದ. ಕೆಳತುಟಿ ಮುಂದೆ ಮಾಡಿಕೊಂಡು, ನನ್ನ ತೊಡೆಯ ಮೇಲಿನ ಮರಿಯನ್ನು ಎವೆಯಿಕ್ಕದೆ ನೋಡುತ್ತಿದ್ದ. ಆ ನೋಟ ನನಗೆ ಗೊತ್ತಿತ್ತು. ಚಾವಡಿಯ ಕಿಟಕಿಯಲ್ಲಿ ನಿಂತು ನಾನು ಪಾರ್ವತಿಬಾಯಿಯನ್ನು ನೋಡಿದ್ದು ಅದೇ ಕಣ್ಣಿನಿಂದ. ಅವನಿಗೆ ಮಾತು ಬರಲೆಂದು ಹರಕೆ ಹೊತ್ತ ಮರಿಗೇ ನನ್ನ ಮಾತೆಲ್ಲ ಸುರಿದಿದ್ದೆ.

ಅವನು ಬಂದವನೇ ಮರಿಯ ತಲೆಯನ್ನು ನನ್ನ ತೊಡೆಯಿಂದ ಆಚೆ ನೂಕಿದ.

"ನನಗ," ಅಂದ.

ಹಾಲಿನ ಬಟ್ಟಲು ಅವನ ಬಾಯಿಗಿಡಲು ಎತ್ತಿದವಳು ಕೈ ತಡೆದುಕೊಂಡೆ.

"ಏನ ಬೇಕು ನನ್ನ ಬಂಗಾರ?" ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಸುಮ್ಮನಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

"ಹಾಲ."

ಬಟ್ಟಲನ್ನು ಅವನ ಕೈಗೇ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಕುಡಿದ, ಎದೆಯ ತುಂಬ ಚೆಲ್ಲಿಕೊಂಡ. ನಾನು ಕಸಿದುಕೊಳ್ಳಲಿಲ್ಲ. ಅರ್ಧ ಕುಡಿದು, ಒದರುತ್ತಿದ್ದ ಮರಿಯನ್ನು ನೋಡಿದ. ಬಟ್ಟಲು ನನ್ನ ಮುಂದೆ ಚಾಚಿದ.

"ಮರಿಗಿ," ಅಂದ.

ನಾನು ಪಾರ್ವತಿಬಾಯಿಗೆ ಒಂದು ಮಾತನ್ನು ಬಿಟ್ಟುಕೊಡಲಾರದೆ ಎಂಟು ದಿನ ಉರಿದಿದ್ದೆ. ಇವನು ಅರ್ಧ ಬಟ್ಟಲು ಹಾಲು ಬಿಟ್ಟುಕೊಟ್ಟ. ನಾಚಿಕೆಯಿಂದ ನನಗೆ ಅಳು ಬಂತು.

ಮರುದಿನ ಮುಂಜಾನೆ ನಾನೇ ಅವನನ್ನು ಚಾವಡಿಗೆ ಕರೆದುಕೊಂಡು ಹೋದೆ.

"ನಿನ್ನಿ ಮಾತಾಡ್ಯಾನ್ರಿ, ಬಾಯಾರ," ಅಂದೆ.

"ಹೌದ್ರಿ? ಏನಂದಾನ?"

"ಮೂರು ಮಾತಂದಾನ. ನಿಮಗ ಒಂದು, ನನಗ ಮೂರು."

ಪಾರ್ವತಿಬಾಯಿ ಜೋರಾಗಿ ನಕ್ಕಳು. ಅಂಬಣ್ಣ ನನ್ನ ಕೈ ಬಿಡಿಸಿಕೊಂಡು, ತಿರುಗಿಯೂ ನೋಡದೆ ಅವಳ ಕಡೆ ಓಡಿದ. ನನ್ನ ಹೊಟ್ಟೆ ಮತ್ತೆ ಉರಿಯಿತು. ಉರಿದರೆ ಉರಿಯಲಿ ಎಂದು ಅವನನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದೆ.