ಹೊಲಿಗೆ ಹಾಕದ ಚಪ್ಪಲಿ

ಮುಖ ನೋಡಿ ಮನುಷ್ಯರನ್ನು ಅಳೆಯುವುದು ನನಗೆ ಬರುವುದಿಲ್ಲ. ಚಪ್ಪಲಿಯ ಅಟ್ಟೆ ತಿರುಗಿಸಿ ತೋರಿಸಿ, ಹೇಳುತ್ತೇನೆ. ಅಪ್ಪನದು ಚಪ್ಪಲಿ ರಿಪೇರಿ ಅಂಗಡಿ. ದಿನವೂ ಶಾಲೆ ಮುಗಿದ ಮೇಲೆ ಹೊಲಿಗೆಯ ಕೆಲಸ ನನ್ನದು. ಯಾರು ಕಾಲೆಳೆದು ನಡೆಯುತ್ತಾರೆ, ಯಾರಿಗೆ ಸದಾ ಅವಸರ, ಎಲ್ಲವೂ ಅಟ್ಟೆಯ ಸವೆತದಲ್ಲಿರುತ್ತದೆ. ಹದಿನಾರಕ್ಕೇ ಇಷ್ಟು ಗೊತ್ತು ಎಂದು ನನಗೆ ಜಂಬವೂ ಇತ್ತು.

ಆ ಶನಿವಾರ ಮಧ್ಯಾಹ್ನ ಒಂಟೆ ಬಂದ. ಒಂಟೆ ನಮ್ಮ ತರಗತಿಯವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಉದ್ದ. ಮೂರು ತಿಂಗಳಿಂದ ನಾವಿಬ್ಬರೂ ಗ್ರಂಥಾಲಯದಲ್ಲಿ ಒಂದೇ ಪುಸ್ತಕ ಹಂಚಿಕೊಂಡು ಓದುತ್ತಿದ್ದೆವು. ಓದಿದ್ದೇನೂ ತಲೆಗೆ ಹತ್ತುತ್ತಿರಲಿಲ್ಲ, ಅದು ಬೇರೆ ಮಾತು. ಅವನ ಚೀಲದಲ್ಲಿ ಅವನ ಬೂಟುಗಳಿದ್ದವು. ಜೊತೆಗೆ ಪಟ್ಟಿ ಕಿತ್ತುಹೋದ ಹೆಂಗಸರ ಚಪ್ಪಲಿ.

“ಇದ್ಯಾರದೋ?”

“ಇರ್ತಾರೆ ಯಾರೋ. ನಾಳೆ ಬೆಳಿಗ್ಗೆಗೆ ಬೇಕು, ಸಂಜೆನೇ ಕೊಟ್ಬಿಡು,” ಎಂದು ನೆಲ ನೋಡಿದ.

ಇರ್ತಾರೆ ಯಾರೋ! ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉರಿಗಿಂತ ಕುತೂಹಲ ದೊಡ್ಡದು. ಅವನು ಅತ್ತ ಹೋಗುತ್ತಿದ್ದಂತೆ ಇತ್ತ ಎಲ್ಲವನ್ನೂ ಬೋರಲು ಹಾಕಿದೆ. ಚಪ್ಪಲಿಯ ಬಲಗಾಲಿನದು ಹೊರ ಅಂಚಿನಲ್ಲಿ ಸವೆದಿತ್ತು. ಒಂಟೆಯ ಎಡಗಾಲಿನ ಬೂಟೂ ಹೊರ ಅಂಚಿನಲ್ಲೇ. ಎರಡನ್ನೂ ಪಕ್ಕಪಕ್ಕ ಇಟ್ಟೆ. ದಿನವೂ ಒಬ್ಬರಿಗೊಬ್ಬರು ಒರಗಿಕೊಂಡು ನಡೆದರಷ್ಟೇ ಹೀಗಾಗುವುದು! ಎರಡರ ಅಡಿಯಲ್ಲೂ ಒಂದೇ ಕೆಂಪು ಮಣ್ಣು. ಅದಿರುವುದು ಶಾಲೆಯ ಹಿಂದಿನ ಮೈದಾನದಲ್ಲಿ ಮಾತ್ರ. ಮಣ್ಣು ಒದ್ದೆಯಾಗಿ ಮೆತ್ತಿಕೊಂಡು ಒಣಗಿತ್ತು, ಅಂದರೆ ಅವರು ಹೋಗುವುದು ಇಬ್ಬನಿ ಆರುವ ಮೊದಲು.

ಕಿತ್ತ ಪಟ್ಟಿಗೆ ಮೊದಲು ಅಂಟು, ಅದರ ಮೇಲೆ ನಾಲ್ಕು ಹೊಲಿಗೆ ಹಾಕಬೇಕು. ನಾನು ಅಂಟು ಹಚ್ಚಿದೆ, ಹೊಲಿಗೆ ಹಾಕಲಿಲ್ಲ. ಹತ್ತು ಹೆಜ್ಜೆಗೆ ಕಿತ್ತು ಬರಲಿ, ಮಹಾರಾಣಿ ಅವನ ಕಣ್ಣೆದುರೇ ಮುಗ್ಗರಿಸಲಿ. ಹೇಳಲು ಈಗ ನಾಚಿಕೆಯಾಗುತ್ತದೆ, ಆಗ ಖುಷಿಯೇ ಆಗಿತ್ತು. ಸಂಜೆ ಒಂಟೆ ಬಂದು ಚೀಲ ತೆಗೆದುಕೊಂಡು ಹೋದ.

ತಮಾಷೆ ನೋಡದೆ ಇರಲಾದೀತೇ? ಬೆಳಿಗ್ಗೆಯೇ ಹೋಗಿ ಮೈದಾನದ ಗೋಡೆಯ ಹಿಂದೆ ಅವಿತೆ. ಒಂಟೆ ಬಂದ. ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟು, ತೋಳಿಗೆ ಜೋತು ಒಬ್ಬಳು ಬಂದಳು. ಮುಖ ಈ ಕಡೆ ತಿರುಗಿದಾಗ ಗುರುತು ಸಿಕ್ಕಿತು. ಅವನ ಅಕ್ಕ! ಎರಡು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅವಳು ಓಡುತ್ತಿದ್ದರೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು. ಓದಲು ಬೇರೆ ಊರಿಗೆ ಹೋಗಿದ್ದಾಳೆ ಎಂದು ಒಂಟೆಯೇ ಹೇಳಿದ್ದ. ಈಗ ಅವಳ ಬಲಗಾಲಿಗೆ ಮೊಣಕಾಲಿನ ತನಕ ಆಸರೆಯ ಪಟ್ಟಿ ಬಿಗಿದಿತ್ತು.

ಒಂಟೆ ಮೆಲ್ಲಗೆ ಅವಳ ಕೈ ಬಿಟ್ಟ. “ಇವತ್ತು ಒಬ್ಳೇ, ಅಕ್ಕ. ಹತ್ತೇ ಹತ್ತು ಹೆಜ್ಜೆ.”

“ಅಕ್ಕಾ, ನಿಲ್ಲಿ! ಕಾಲೆತ್ತಬೇಡಿ!” ಗೋಡೆ ಹೇಗೆ ಹಾರಿದೆನೋ ಗೊತ್ತಿಲ್ಲ. ಅವಳ ಕಾಲ ಬಳಿ ಕುಕ್ಕರಿಸಿ ಚಪ್ಪಲಿಯ ಪಟ್ಟಿ ಹಿಡಿದೆಳೆದೆ. ಅದು ಸಲೀಸಾಗಿ ಕಿತ್ತು ಕೈಗೆ ಬಂತು. “ನಾನೇ ಬೇಕು ಅಂತ ಹೊಲಿಗೆ ಹಾಕ್ಲಿಲ್ಲ,” ಎಂದೆ.

“ಯಾಕೆ? ನಾನ್ಯಾರು ಅಂದ್ಕೊಂಡೆ?” ಎಂದಳು ಅಕ್ಕ.

“ಇವನ ಹುಡುಗಿ ಅಂತ.”

ಅಕ್ಕ ತಮ್ಮನ ಭುಜ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. “ಅಯ್ಯೋ, ಇವನಿಗಾ! ಕಾಲಿನ ವಿಷಯ ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ, ಪುಟ್ಟಿ. ಎಲ್ರೂ ಬಂದು ಅಯ್ಯೋ ಪಾಪ ಅಂತಾರೆ, ನಂಗೆ ಬೇಡ.”

ಒಂಟೆ ನಗಲಿಲ್ಲ. “ಬಿದ್ದಿದ್ರೆ?” ಎಂದ, ಅಷ್ಟೇ.

ನಾನು ಅಂಗಡಿಗೆ ಓಡಿ ಸೂಜಿ, ಮೇಣ ಹಚ್ಚಿದ ದಾರ ತಂದೆ. ಮೈದಾನದ ಕಟ್ಟೆಯ ಮೇಲೆ ಕೂತು ನಾಲ್ಕಲ್ಲ, ಎಂಟು ಹೊಲಿಗೆ ಹಾಕಿದೆ. ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ. ಅಕ್ಕ ಕೈ ಚಾಚಿದಳು. ಅಷ್ಟರಲ್ಲಿ ಒಂಟೆ ಅಡ್ಡ ಬಂದು ಚಪ್ಪಲಿ ತೆಗೆದುಕೊಂಡ. ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿದ. ತಿರುಗಿಸಿ ಮತ್ತೊಮ್ಮೆ ಎಳೆದ. ನಂಬಿಕೆಯಿಲ್ಲದ ಗಿರಾಕಿಗಳು ಅಪ್ಪನ ಮುಂದೆ ಹಾಗೆಯೇ ಮಾಡುತ್ತಾರೆ.

“ಇನ್ನೊಂದ್ಸಲ ಎಳಿ,” ಎಂದೆ.

ಅವನು ಎಳೆದ.