ರಸ್ತೆ ಕಡೆಯ ಕಿಟಕಿ

ಕರಾಶೊಕಿ ಊರಿನಲ್ಲಿ ಬುರಾನ್ ಎಂಬ ಹಿಮಗಾಳಿ ಬರುತ್ತದೆ ಎಂದು ತಿಳಿಯಲು ರೇಡಿಯೊ ಬೇಕಿಲ್ಲ. ಕುದುರೆಗಳು ಗಾಳಿಗೆ ಬೆನ್ನು ಕೊಟ್ಟು ಒತ್ತೊತ್ತಾಗಿ ನಿಂತವೆಂದರೆ ಮುಗಿಯಿತು, ಹೆಂಗಸರು ಬಕೆಟ್ಟು ಹಿಡಿದು ಓಡುತ್ತಾರೆ. ಹಿಮಗಾಳಿ ಎದ್ದರೆ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ನೀರು. ಕಾಮ್‌ಶಾತ್ ಬೆಳಗ್ಗೆಯೇ ಪೀಪಾಯಿಗಳನ್ನು ತುಂಬಿಸಿದ್ದಳು. ಕಲ್ಲಿದ್ದಲನ್ನು ಒಳಗೆ ತಂದು ಸುರಿದು, ಬೆರಣಿಯನ್ನು ಒಲೆಯ ಪಕ್ಕ ಪೇರಿಸಿದ್ದಳು. ಹಸುವಿಗೆ ಹುಲ್ಲು ಹಾಕಲು ಹೋದವರು ದಾರಿ ತಪ್ಪಬಾರದೆಂದು ಮನೆಬಾಗಿಲಿಂದ ಕೊಟ್ಟಿಗೆಯ ಬಾಗಿಲಿಗೆ ಹಗ್ಗ ಬಿಗಿದಿದ್ದಳು. ಸಲಿಕೆಯನ್ನಂತೂ ಮರೆಯದೆ ಒಳಗಿಟ್ಟಿದ್ದಳು. ಸಲಿಕೆ ಹೊರಗೆ ಬಿಟ್ಟವನು ಹಿಮ ಕರಗುವ ತನಕ ಒಳಗೇ ಎಂಬ ಗಾದೆ ಆ ಊರಿನದು.

ಇಷ್ಟೆಲ್ಲ ಊರಿನ ಪ್ರತಿ ಮನೆಯಲ್ಲೂ ನಡೆಯುವುದೇ. ಆದರೆ ಕಾಮ್‌ಶಾತಳ ಮನೆಯಲ್ಲಿ ಇನ್ನೊಂದು ತಯಾರಿಯಿತ್ತು, ಅದು ಊರಿಗೆ ಗೊತ್ತಿರಲಿಲ್ಲ. ಅವಳ ಮಗ ಸಾಕೆನ್, ಮನೆಯ ಹಿಂದಿನ ಗುಡ್ಡದ ಮೇಲಿರುವ ಫೋನ್ ಟವರಿನ ಕಾವಲುಗಾರ. ಊರಿಗೆಲ್ಲ ಕರೆಂಟು ಹೋದರೂ ಟವರಿಗೆ ಹೋಗುವುದಿಲ್ಲ, ಅದಕ್ಕೆ ಅದರದೇ ಡೀಸೆಲ್ ಜನರೇಟರ್ ಇದೆ. ಹಿಮ ಬೀಳುವ ಮೊದಲೇ ಸಾಕೆನ್ ಅಲ್ಲಿಂದ ಮನೆಗೆ ಒಂದು ವೈರು ಎಳೆದು ಮಣ್ಣಿನಡಿ ಹೂತಿದ್ದ. ಅದರ ಪ್ಲಗ್ಗು ಅಡುಗೆಮನೆಯ ಹಿಟ್ಟಿನ ಮೂಟೆಯ ಹಿಂದೆ ಕೂತಿತ್ತು.

ಕಳ್ಳತನವೇ ಸರಿ, ಕಾಮ್‌ಶಾತ್ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಆದರೆ ಹಿಂದಿನ ಕೋಣೆಯಲ್ಲಿ ಮೊಮ್ಮಗನಿದ್ದ, ಹುಟ್ಟಿ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಒಲೆಯ ಬಿಸಿನೀರನ್ನು ಕೊಳವೆಯಲ್ಲಿ ಆ ಕೋಣೆಗೆ ದೂಡುವ ಪಂಪು ನಿಂತರೆ ಅರ್ಧ ಗಳಿಗೆಯಲ್ಲಿ ಗೋಡೆ ಬೆವರಿ ಮಂಜುಗಟ್ಟುತ್ತದೆ. ಇನ್ನು ದೀಪ. ನಲವತ್ತು ತುಂಬುವವರೆಗೆ ಕೂಸಿನ ಹತ್ತಿರದ ದೀಪ ಆರಕೂಡದು. ಇದು ಕಾಮ್‌ಶಾತಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ನಡೆಸಿಕೊಂಡು ಬಂದದ್ದು. ಹಾಗಾಗಿ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಊರ ಕಡೆಯ ಕಿಟಕಿಗಳಿಗೆಲ್ಲ ದಪ್ಪ ಕಂಬಳಿ ಇಳಿಬಿಟ್ಟು, ಒಳಗೆ ಬಲ್ಬು ಉರಿಸುತ್ತಿದ್ದಳು. ಕೂಸಿನ ಕೋಣೆಯ ಕಿಟಕಿ ಮಾತ್ರ ಹೆದ್ದಾರಿಯ ಕಡೆಗಿತ್ತು. ಬುರಾನಿನಲ್ಲಿ ಆ ರಸ್ತೆಗೆ ಯಾವ ನರಪಿಳ್ಳೆ ಬರುತ್ತದೆ ಎಂದು ಅದಕ್ಕೆ ಕಂಬಳಿ ಹಾಕಿರಲಿಲ್ಲ.

ಜನರೇಟರಿಗೆ ಡೀಸೆಲ್ ತರಲು ಜಿಲ್ಲಾ ಪಟ್ಟಣಕ್ಕೆ ಹೋದ ಸಾಕೆನ್ ಅಲ್ಲೇ ಸಿಕ್ಕಿಬಿದ್ದಿದ್ದ. ಮಧ್ಯಾಹ್ನ ಫೋನ್ ಮಾಡಿದವನ ದನಿ ಸಪ್ಪಗಿತ್ತು. ಆ ಸೀಮೆಯಲ್ಲಿ ತಾಯಿಯೂ ಅಪಾ, ಹಿರಿಯ ಹೆಂಗಸೂ ಅಪಾ.

"ಅಪಾ, ಡೀಸೆಲ್ ಯಾಕಿಷ್ಟು ಖರ್ಚಾಗ್ತಿದೆ ಅಂತ ಕಂಪನಿಯವ್ರು ಕೇಳಿದ್ರು. ನೋಡೋಕೆ ಒಬ್ಬನ್ನ ಕಳಿಸ್ತಾರಂತೆ. ಯಾರಾದ್ರೂ ಹೊಸಬ್ರು ಬಂದ್ರೆ ಮೊದ್ಲು ಪ್ಲಗ್ ಕೀಳು. ಕೆಲ್ಸ ಹೋಗೋದಷ್ಟೇ ಅಲ್ಲ, ಪೊಲೀಸಿಗೂ ಕೊಡ್ತಾರೆ."

"ಈ ಗಾಳೀಲಿ ಯಾವನು ಬರ್ತಾನೋ? ಬಂದ್ರೆ ನಾನಿಲ್ವಾ" ಎಂದಳು ಕಾಮ್‌ಶಾತ್.

ಬಾಯಿ ಮುಚ್ಚುವುದರೊಳಗೆ ಬಂದ ಎಂದರೂ ತಪ್ಪಲ್ಲ. ಸಂಜೆಗಪ್ಪು ಕವಿಯುವ ಹೊತ್ತಿಗೆ ಯಾರೋ ಬಾಗಿಲು ಗುದ್ದಿದರು. ತೆರೆದರೆ ಐವತ್ತರ ಆಸುಪಾಸಿನ ಗಂಡಸು. ಹುಬ್ಬು ಮೀಸೆಯೆಲ್ಲ ಹಿಮ, ಕೈಯಲ್ಲೊಂದು ಚರ್ಮದ ಚೀಲ. ಬುರಾನಿನಲ್ಲಿ ಬಾಗಿಲಿಗೆ ಬಂದವನು ದೇವರು ಕಳಿಸಿದ ಅತಿಥಿ, ಒಳಗೆ ಕರೆಯದೆ ವಿಧಿಯಿಲ್ಲ. ಕರೆದಳು. ಅವನು ಸಲಾಂ ಹೇಳುತ್ತ ಹೊಸ್ತಿಲು ಎಡವಿದ, ಚೀಲ ಬಿತ್ತು, ಬಾಯಿ ತೆರೆದುಕೊಂಡಿತು. ಇಕ್ಕಳ, ಸುರುಳಿ ಸುತ್ತಿದ ತಂತಿ, ಮುಳ್ಳು ಆಡುವ ಒಂದು ಪುಟ್ಟ ಮೀಟರು.

ಕಂಪನಿಯವನೇ ಇವನು ಎಂದುಕೊಂಡಳು ಕಾಮ್‌ಶಾತ್. ಸೊಸೆ ಜಿಬೆಕಳ ಕಡೆ ಒಂದು ನೋಟ ಎಸೆದಳು. ಜಿಬೆಕ್ ಬಾಯಿ ಸತ್ತವಳಲ್ಲ, ಆದರೆ ಅತ್ತೆಯ ಕಣ್ಣಿನ ಭಾಷೆ ಬಲ್ಲವಳು. ಹಿಟ್ಟಿನ ಮೂಟೆಯ ಹಿಂದೆ ಬಗ್ಗಿದಳು. ಮನೆ ಕತ್ತಲಾಯಿತು.

"ಅಯ್ಯೋ, ಕರೆಂಟ್ ಹೋಯ್ತಲ್ಲ!" ಎಂದಳು ಕಾಮ್‌ಶಾತ್, ಬೇಕಾದ್ದಕ್ಕಿಂತ ತುಸು ಜೋರಾಗಿಯೇ.

"ಈಗ ಹೋಯ್ತಾ?" ಎಂದ ಅತಿಥಿ, ಹಿಮ ಕೊಡವುತ್ತ. "ಊರೆಲ್ಲ ಮೊದ್ಲೇ ಕತ್ತಲಿತ್ತು, ಇದೊಂದೇ ದೀಪ ಕಂಡಿದ್ದು. ಅದನ್ನೇ ನೋಡ್ಕೊಂಡು ಬಂದೆ."

ನೋಡು, ಬಂದವನೇ ದೀಪದ ಮಾತು ತೆಗೆದ! ಕಾಮ್‌ಶಾತ್ ಮೇಣದಬತ್ತಿ ಹುಡುಕಿದಳು. ಕೂಸಿನ ತೊಟ್ಟಿಲು ಅಡುಗೆಮನೆಯ ಒಲೆಯ ಪಕ್ಕಕ್ಕೆ, ಪರದೆಯ ಹಿಂದಕ್ಕೆ ಬಂತು. ಅದರ ತಲೆಯ ಬಳಿ ಒಂದು ಬತ್ತಿ. ಅತಿಥಿಗೆ ಗೌರವದ ಜಾಗದಲ್ಲಿ ಹಾಸಿಗೆ ಹಾಸಿ, ಹಾಲು ಹಾಕಿದ ಚಹಾ, ಕರಿದ ಹಿಟ್ಟಿನುಂಡೆ ಬಾವುರ್ಸಾಕ್, ಕುದುರೆ ಮಾಂಸದ ಬಿಸಿ ಸಾರು ಇಟ್ಟಳು. ಕೈ ಮರ್ಯಾದೆ ಮಾಡುತ್ತಿತ್ತು, ಕಣ್ಣು ಚೀಲದ ಮೇಲೇ ಇತ್ತು.

ನೀನು ಯಾರಪ್ಪಾ, ಏನು ಕೆಲಸ ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಳಿಯಲ್ಲಿ ನಡುಗುತ್ತ ಬಂದವನನ್ನು ಊಟ ಮುಗಿಯುವ ಮೊದಲು ಹಾಗೆ ಕೇಳುವುದೆಂದರೆ ನೀನು ನಮಗೆ ಭಾರ ಎಂದ ಹಾಗೆ. ಕಾಮ್‌ಶಾತಳ ವಂಶದಲ್ಲಿ ಯಾರೂ ಕೇಳಿದವರಲ್ಲ. ಕೇಳದೆ ಬಿಟ್ಟ ಪ್ರಶ್ನೆ ಹೊಟ್ಟೆಯಲ್ಲಿ ಮರಿ ಹಾಕುತ್ತದೆ. ಅವನು ಗೋಡೆ ನೋಡಿದರೆ ವೈರು ಹುಡುಕುತ್ತಿದ್ದಾನೆ ಎನ್ನಿಸಿತು. ಕಿವಿ ಅರಳಿಸಿದರೆ ಜನರೇಟರಿನ ಸದ್ದಿಗೇ ಎನ್ನಿಸಿತು.

"ಒಳ್ಳೇ ಗುಂಯ್‌ಗುಡ್ತಿದೆಯಲ್ಲ ಅದು" ಎಂದ ಅವನು, ತಲೆ ಓರೆ ಮಾಡಿ.

"ಗಾಳಿ" ಎಂದಳು ಕಾಮ್‌ಶಾತ್.

"ಗಾಳಿ ಹಾಗೆ ಒಂದೇ ಸಮ ಗುಂಯ್‌ಗುಡಲ್ಲ, ಅಪಾ."

"ನಮ್ಮೂರ ಗಾಳಿ ಹಂಗೇ. ಸಾರು ಆರ್ತದೆ, ಕುಡೀರಿ."

ಪರದೆಯ ಹಿಂದೆ ಜಿಬೆಕ್ ನಗು ತಡೆದುಕೊಂಡದ್ದು ಕೇಳಿಸಿತು. ಕಾಮ್‌ಶಾತಳಿಗೆ ಅವಳ ಮೇಲೂ ಸಿಟ್ಟು ಬಂತು.

ಅರ್ಧ ಬಟ್ಟಲು ಚಹಾ ಒಳಗೆ ಹೋದ ಮೇಲೆ, ನಡುಕ ನಿಂತ ದನಿಯಲ್ಲಿ ಅತಿಥಿ ಹೇಳಿದ:

"ಅಪಾ, ನಾನೊಬ್ಬನೇ ಅಲ್ಲ. ಕೆಳಗೆ ರಸ್ತೇಲಿ ಕಾರು ಹೂತ್ಕೊಂಡಿದೆ. ಡ್ರೈವರ್ ಹುಡುಗ ಹೊಸ ಕಾರು ಬಿಟ್ಟು ಬರಲ್ಲ ಅಂತ ಕೂತ. ಪೆಟ್ರೋಲ್ ಇರೋವರ್ಗೂ ಹೀಟರ್ ಹಾಕ್ಕೊಂಡಿರು, ಮುಗಿದ್ರೆ ಈ ದೀಪ ನೋಡ್ಕೊಂಡು ಬಾ ಅಂತ ಹೇಳ್ಬಂದೆ. ಕರೆಂಟ್ ಬರ್ಬಹುದು ಅಂತ ಕಾದೆ, ದೀಪ ಬರ್ಲೇ ಇಲ್ವಲ್ಲ."

"ಫೋನ್ ಮಾಡಿ" ಎಂದು ಕಾಮ್‌ಶಾತ್ ತನ್ನ ಫೋನನ್ನೇ ಮುಂದೆ ಹಿಡಿದಳು. ಅವನು ಒತ್ತಿದ. ಫೋನು ಬಂದ್ ಆಗಿದೆ ಎಂದಿತು ಆ ಕಡೆಯ ಹೆಣ್ಣುದನಿ. ಇಲ್ಲದ ಡ್ರೈವರಿನ ಫೋನು ಎಲ್ಲಿಂದ ರಿಂಗಾದೀತು ಎಂದುಕೊಂಡಳು ಕಾಮ್‌ಶಾತ್. ಅವನು ರಕ್ಷಣೆಯವರಿಗೂ ಮಾಡಿದ. ಗಾಳಿ ನಿಲ್ಲದೆ ಗಾಡಿ ಹೊರಡುವುದಿಲ್ಲ ಎಂದರು. ಜಿಬೆಕ್ ಲಾಟೀನು ಹಚ್ಚಿ ಹೊರಗಿನ ಕೊಕ್ಕೆಗೆ ಸಿಕ್ಕಿಸಿ ಬಂದಳು. ಬಾಗಿಲು ಹಾಕುವುದರೊಳಗೆ ಗಾಳಿ ಅದನ್ನು ನುಂಗಿತು. ಕಿಟಕಿಯ ಒಳಗಿಟ್ಟರೆ ಗಾಜಿನ ಮೇಲಿನ ಮಂಜನ್ನೂ ದಾಟಲಿಲ್ಲ.

"ವೈರು ಎಲ್ಲೋ ಕಿತ್ತಿರ್ಬೇಕು. ನಂಗೆ ತಂತಿ ಕೆಲ್ಸ ಸ್ವಲ್ಪ ಬರ್ತದೆ. ನೋಡ್ಲಾ?" ಎಂದು ಅತಿಥಿ ಚೀಲಕ್ಕೆ ಕೈ ಹಾಕಿದ.

ಸಿಕ್ಕಿಬಿದ್ದೆಯಾ ಮಗನೇ, ಎಂದುಕೊಂಡಳು ಕಾಮ್‌ಶಾತ್. ಡ್ರೈವರೂ ಇಲ್ಲ, ಕಾರೂ ಇಲ್ಲ. ನಾನು ಹೆದರಿ ಪ್ಲಗ್ಗು ಹಾಕಬೇಕು, ಇಲ್ಲವೇ ಇವನು ವೈರು ಹುಡುಕಿಕೊಂಡು ಮನೆಯೆಲ್ಲ ತಡಕಬೇಕು. ಎರಡರಲ್ಲೊಂದು ಆದರೂ ಸಾಕು ಇವನಿಗೆ.

"ಕೂತ್ಕೊಳ್ಳಿ. ಅತಿಥಿ ಕೈಲಿ ಕೆಲ್ಸ ಮಾಡಿಸೋ ಮನೆಯಲ್ಲ ಇದು" ಎಂದು ಎದ್ದು ಹಿಂದಿನ ಕೋಣೆಗೆ ಹೋದಳು. ಜಿಬೆಕ್ ಹಿಂದೆಯೇ ಬಂದಳು.

"ಅಪಾ, ನಿಜವಾಗ್ಲೂ ಒಬ್ಬ ಇದ್ರೆ?"

"ಇಲ್ಲ. ಇವ್ನು ಕಂಪನಿಯವ್ನು. ಚೀಲ ನೋಡ್ಲಿಲ್ವಾ ನೀನು?"

"ಕಂಪನಿಯವ್ನೇ ಇರ್ಲಿ. ಅವ್ನಿಗೆ ಡ್ರೈವರ್ ಇರಬಾರ್ದಾ?"

ಇಷ್ಟು ಹೊತ್ತು ಕಾಮ್‌ಶಾತ್ ಬಂದವನು ಯಾರು ಎಂದು ಮಾತ್ರ ಗುಣಿಸಿದ್ದಳು, ಬರದವನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಊರಿನಲ್ಲಿ ಬುರಾನಿಗೆ ಒಬ್ಬರನ್ನೂ ಕೊಡದ ಮನೆಯಿಲ್ಲ. ಹಿಮ ಕರಗಿದಾಗ ಸಿಕ್ಕವರು ಯಾವಾಗಲೂ ಯಾವುದೋ ಬಾಗಿಲಿಂದ ಕೂಗಳತೆಯಲ್ಲೇ ಇರುತ್ತಾರೆ. ಅವಳು ಕತ್ತಲ ಕಿಟಕಿಗೆ ಹಣೆ ಒತ್ತಿ ನಿಂತಳು. ಹೊರಗೆ ಬಿಳಿಯೂ ಇರಲಿಲ್ಲ, ಕಪ್ಪೂ ಇರಲಿಲ್ಲ, ಬರೀ ಊಳಿಡುವ ಗಾಳಿ. ಕೋಣೆ ಆಗಲೇ ಕೊರೆಯುತ್ತಿತ್ತು.

ಸುಳ್ಳಾದರೆ ನನ್ನ ಮಗನ ಅನ್ನ ಹೋಗುತ್ತದೆ. ನಿಜವಾದರೆ ಇನ್ಯಾರದೋ ಮಗನೇ ಹೋಗುತ್ತಾನೆ. ಹೀಗೆ ತೂಗಿ ನೋಡಿದ ಮೇಲೆ ಅವಳಿಗೆ ಅತಿಥಿಯ ಮೇಲೆ ಮೊದಲಿಗಿಂತ ಹೆಚ್ಚು ಕೋಪ ಬಂತು. ದಡದಡನೆ ಅಡುಗೆಮನೆಗೆ ಬಂದು, ಅವನ ಕಣ್ಣೆದುರಿಗೇ ಹಿಟ್ಟಿನ ಮೂಟೆ ಎಳೆದು ಬಿಸಾಡಿ, ಪ್ಲಗ್ಗು ಚುಚ್ಚಿದಳು. ಮನೆಯೆಲ್ಲ ಝಗ್ಗೆಂದಿತು. ಪಂಪು ಗೊರಗೊರ ಎಂದು ಶುರುವಾಯಿತು.

"ನೋಡ್ಕೊಳ್ಳಿ, ಚೆನ್ನಾಗಿ ನೋಡ್ಕೊಳ್ಳಿ!" ಎಂದಳು.

ಅವನು ನೋಡಿದ. ಹಿಟ್ಟು ಚೆಲ್ಲಿದ ನೆಲ ನೋಡಿದ, ಪ್ಲಗ್ಗು ನೋಡಿದ, ಅವಳ ಮುಖ ನೋಡಿದ. "ದೇವ್ರು ಒಳ್ಳೇದು ಮಾಡ್ಲಿ, ಅಪಾ" ಎಂದು ಬಟ್ಟಲು ಮುಂದೆ ಚಾಚಿದ. ಕಾಮ್‌ಶಾತ್ ಹಲ್ಲು ಕಚ್ಚಿಕೊಂಡು ಚಹಾ ಸುರಿದಳು.

ಚೆಲ್ಲಿದ ಹಿಟ್ಟನ್ನು ಜಿಬೆಕ್ ಗುಡಿಸಿದಳು, ಚಹಾ ಎರಡು ಸಲ ಕಾಯಿತು. ಕೊನೆಗೆ ಬಾಗಿಲಿಗೆ ಏನೋ ಬಿದ್ದ ಸದ್ದಾಯಿತು. ಗುದ್ದಿದ್ದಲ್ಲ, ಬಿದ್ದದ್ದೇ. ಜಿಬೆಕ್ ತೆರೆದರೆ ಇಪ್ಪತ್ತೆರಡರ ಹುಡುಗ, ರೆಪ್ಪೆ ಅಂಟಿಕೊಂಡು ಕಣ್ಣು ಬಿಡಲಾರ, ತುಟಿ ನೀಲಿ. ಎಸೆನ್ ಆ ಡ್ರೈವರಿನ ಹೆಸರು. ಎಳೆದು ಒಳಗೆ ತಂದು ಪಾದಕ್ಕೆ ಹೆಬ್ಬಾತಿನ ಕೊಬ್ಬು ತಿಕ್ಕಿದಳು ಕಾಮ್‌ಶಾತ್.

"ಮೊದ್ಲು ದೀಪ ಇತ್ತು, ಆಮೇಲೆ ಇಲ್ಲ" ಎಂದ ಹುಡುಗ, ಹಲ್ಲು ಕಟಕಟಿಸುತ್ತ. "ಎತ್ಲಾಗ್ ಹೋಗ್ಬೇಕೋ ಗೊತ್ತಾಗ್ದೆ ಕೂತ್ಬಿಟ್ಟೆ. ನಿದ್ದೆ ಬರ್ತಿತ್ತು. ಮತ್ತೆ ಹತ್ಕೊಳ್ತು."

ಊಟ ಮುಗಿದಿತ್ತು, ಈಗ ಕೇಳಬಹುದಿತ್ತು. "ಅಗಾ, ತಾವು ಏನು ಕೆಲ್ಸ ಮಾಡೋದು?" ಎಂದಳು ಕಾಮ್‌ಶಾತ್, ಮೊದಲು ಬಂದ ಅತಿಥಿಯನ್ನು ಅಣ್ಣನೆಂದು ಕರೆದು.

"ಪಿಯಾನೊ ಶ್ರುತಿ ಮಾಡ್ತೀನಿ, ಅಪಾ. ಗಾಬಿದೆನ್ ಅಂತ. ರಜೆಯಲ್ಲಿ ಶಾಲೆಯಿಂದ ಶಾಲೆಗೆ ಹೋಗ್ತಿರ್ತೀನಿ." ಅವನು ಮೀಟರು ತೆಗೆದು ತೋರಿಸಿದ. ಬಾಯಲ್ಲಿ ಒಂದು ಸ್ವರ ಎಳೆದ, ಮುಳ್ಳು ಎದ್ದು ನಿಂತಿತು. "ಜನರೇಟರ್ ಸದ್ದು ಒಂದೇ ಸಮ ಇತ್ತಲ್ಲ, ಕಿವಿ ಅತ್ಲಾಗೇ ಹೋಯ್ತು. ಚಟ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗಿತ್ತು ಕಾಮ್‌ಶಾತಳ ಬಾಳು. ಜಿಬೆಕ್ ಈ ಸಲ ನಗು ತಡೆಯಲಿಲ್ಲ. ಕಾಮ್‌ಶಾತಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಗಾಳಿ ನಿಂತಿತು, ರಸ್ತೆ ತೆರೆಯಿತು, ಅತಿಥಿಗಳು ಹೋದರು. ಗಾಬಿದೆನ್ ಯಾರಿಗೂ ಏನೂ ಹೇಳಲಿಲ್ಲ. ಉಪ್ಪು ತಿಂದ ಮನೆಯ ಗುಟ್ಟು ಅವನದೂ ಗುಟ್ಟೇ. ಆದರೆ ಎಸೆನ್ ಎಳೆಯ, ಕೃತಜ್ಞತೆ ತುಂಬಿ ತುಳುಕುತ್ತಿತ್ತು. ಫೋನಿನ ಮುಂದೆ ಕೂತು, "ಊರಿಗೆ ಊರೇ ಕತ್ತಲು, ಟವರ್ ಗುಡ್ಡದ ಕೆಳಗಿನ ಆ ತಾಯಿ ಮನೇಲಿ ಮಾತ್ರ ಬೆಳಕು" ಎಂದು ಕಣ್ಣೀರು ಹಾಕಿ ವಿಡಿಯೊ ಮಾಡಿ ಹರಿಬಿಟ್ಟ. ಜಿಲ್ಲೆಗೆ ಜಿಲ್ಲೆಯೇ ನೋಡಿತು. ಕರಾಶೊಕಿಯ ಹೆಂಗಸರೂ ನೋಡಿದರು. ಅಂಗಡಿಯಲ್ಲಿ ಒಬ್ಬಳು, "ನಿಮ್ಮನೆ ಬೆಳಕಿಗೆ ನಮ್ಮನೆ ದಾರಿ ಗೊತ್ತಿಲ್ವಾ, ಕಾಮ್‌ಶಾತ್?" ಎಂದು ಕೇಳಿಯೂ ಬಿಟ್ಟಳು.

ಕಂಪನಿಯವರು ನೋಡದೆ ಇರುತ್ತಾರೆಯೇ? ಒಂದು ದಿನ ಇಬ್ಬರು ಬಂದರು, ಜೊತೆಗೆ ಎಸೆನ್. ತಾಯಿಗೆ ಸನ್ಮಾನ ಮಾಡುತ್ತಾರೆ ಎಂದು ಅವರು ಅವನಿಗೆ ಹೇಳಿದ್ದರೋ, ಅವನೇ ಹಾಗೆ ತಿಳಿದುಕೊಂಡಿದ್ದನೋ, ಹುಡುಗ ಹೆಗಲ ಮೇಲೆ ಒಂದು ಕುರಿ ಹೊತ್ತು ನಗುತ್ತ ಒಳಗೆ ಬಂದ. ಸಾಕೆನ್ ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಕಾಮ್‌ಶಾತ್ ಚಹಾ ಕೊಟ್ಟಳು. ಚಹಾ ಮುಗಿದ ಮೇಲೆ ಇಬ್ಬರಲ್ಲಿ ಹಿರಿಯವನು ಮೆಲ್ಲಗೆ ಕೇಳಿದ:

"ಅಪಾ, ಅವತ್ತಿನ ದೀಪಕ್ಕೆ ಕರೆಂಟ್ ಎಲ್ಲಿಂದ ಬಂತು?"

ಎಸೆನ್ ಮುಖದ ನಗು ಹಾಗೇ ಸತ್ತಿತು. ಸಾಕೆನ್ ಕಡೆ ನೋಡಿದ, ಕಾಮ್‌ಶಾತಳ ಕಡೆ ನೋಡಿದ. ಹುಡುಗ ದಡ್ಡನಲ್ಲ, ತಾನು ಮಾಡಿದ್ದೇನೆಂದು ಒಂದೇ ಗಳಿಗೆಗೆ ಹೊಳೆಯಿತು.

"ದೀಪ ಎಲ್ಲಿತ್ತು, ಅಗಾ?" ಎಂದ ಹಿರಿಯವನಿಗೆ. "ದೀಪ ಇರ್ಲೇ ಇಲ್ಲ. ವಿಡಿಯೊಗೆ ಚೆನ್ನಾಗಿರ್ಲಿ ಅಂತ ಹೇಳಿದ್ದು. ನಾನು ಬಂದಿದ್ದು ಈ ಮನೆ ನಾಯಿ ಬೊಗಳೋದು ಕೇಳಿ."

ಹಿರಿಯವನು ಅವನನ್ನು ನೋಡಿ, ಕಾಮ್‌ಶಾತಳನ್ನು ನೋಡಿದ. ಅವನೂ ಆ ಸೀಮೆಯವನೇ, ಬುರಾನ್ ಕಂಡವನೇ. "ನಾಯಿ ಬೊಗಳ್ತು, ಹುಡುಗ ಬಂದ. ಹಾಗಂತ ಹೇಳ್ಬಿಡ್ಲಾ ಮೇಲಿನವ್ರಿಗೆ?" ಎಂದ. ದನಿಯಲ್ಲಿ ಹೂಂ ಅನ್ನು ತಾಯಿ ಎಂಬ ಬೇಡಿಕೆಯಿತ್ತು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸಾಕೆನ್ ಉಸಿರು ಹಿಡಿದಿದ್ದ. ಕಾಮ್‌ಶಾತ್ ಹೂಂ ಅನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಎದುರಿಗೆ ಹುಡುಗ ಕೂತಿದ್ದ. ಆರಿಸಿದ ದೀಪವನ್ನು ಅವಳು ಎಲ್ಲರನ್ನೂ ಅನುಮಾನಿಸಿ, ಮಗನ ಅನ್ನವನ್ನು ಪಣಕ್ಕಿಟ್ಟು, ಬೈದುಕೊಳ್ಳುತ್ತಲೇ ಮತ್ತೆ ಹಚ್ಚಿದ್ದಳು. ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಮಾಡಿದ ಒಳ್ಳೆಯ ಕೆಲಸ ಅವಳಿಗೆ ಇನ್ನೊಂದು ನೆನಪಿರಲಿಲ್ಲ. ಅದನ್ನು ಇಲ್ಲದ ನಾಯಿಯ ಹೆಸರಿಗೆ ಬರೆದುಕೊಡಲು ಹೊಟ್ಟೆ ಉರಿಯಿತು.

"ನಮ್ಮನೇಲಿ ನಾಯಿ ಇಲ್ಲ" ಎಂದಳು. "ದೀಪ ಇತ್ತು. ಟವರಿಂದ ಕದ್ದಿದ್ದು. ನಾನೇ ಹಚ್ಚಿದ್ದು."