ಮಾಬೂಬಿಯ ಮನೆಯ ಬಾಗಿಲು

ನಾನು ಒಂದು ತಗಡಿನ ಬಾಗಿಲು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ರೈಲು ಹಳಿಯ ಪಕ್ಕದ ಒಂದು ಗುಡಿಸಲ ಮುಂದೆ. ಇಮಾಮಸಾಬ ಡಾಂಬರಿನ ಖಾಲಿ ಪೀಪಾಯಿಯನ್ನು ಸೀಳಿ, ಕಲ್ಲಿನ ಮೇಲಿಟ್ಟು ಬಡಿದು ಸಪಾಟು ಮಾಡಿದ. ಮರದ ಚೌಕಟ್ಟಿಗೆ ಮೊಳೆ ಹೊಡೆದು ನನ್ನನ್ನು ನಿಲ್ಲಿಸಿದ. ಅವನ ಹೆಂಡತಿ ಮಾಬೂಬಿ ಮಂದಿಯ ಹಳೆ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು. ಅವಳು ನನಗೆ ಹಸಿರು ಬಣ್ಣ ಬಳಿದಳು. ಪ್ರತಿ ಶುಕ್ರವಾರ ಒದ್ದೆ ಬಟ್ಟೆಯಿಂದ ಒರೆಸುವಳು. ಗಂಡ ತೀರಿಕೊಂಡ ಮೇಲೂ ಅದು ತಪ್ಪಲಿಲ್ಲ. ನನ್ನ ಚಿಲಕ ಹಾಕಿದ ಮೇಲೆಯೇ ಅವಳಿಗೆ ನಿದ್ದೆ.

ಒಂದು ದಿನ ಜಯತೀರ್ಥ ಬಂದ. ನಾಟಕಗಳಿಗೆ ರಂಗಸಜ್ಜಿಕೆ ಮಾಡುವವನು. ಬಡವರು, ಸಾಹುಕಾರರು ಇವರ ನಡುವಿನ ಅಂತರದ ಮೇಲೆ ಅವನ ತಂಡ ನಾಟಕ ಕಟ್ಟುತ್ತಿತ್ತು.

"ನಿಮ್ಮಂಥವರ ಕಥೀನ ಆಡತೀವಿ ಅವ್ವಾ. ಸುಳ್ಳು ಬಾಗಲಾ ಇಟ್ರ ನಾಟಕಾನೂ ಸುಳ್ಳಾಗತದ. ಇದನ್ನ ಕೊಡ್ರಿ. ಆಟ ಮುಗದ ಮ್ಯಾಲೆ ನಾನ ತಂದು ಹಚ್ಚತೀನಿ" ಅಂದ.

"ಅಲ್ಲೀತನಕ ನಾ ಏನ್ ಮಾಡ್ಲಿ?"

"ಒಂದು ದಪ್ಪನ್ನ ಪರದೆ ಕಳಸತೀನಿ."

ಮಾಬೂಬಿ ನನ್ನ ಚಿಲಕದ ಮೇಲೆ ಕೈಯಾಡಿಸಿದಳು. "ನಮ್ಮ ಕಥಿ ಮಂದಿ ನೋಡತಾರಂದ್ರ ಒಯ್ರಿ" ಅಂದಳು. ನನಗೂ ಹೆಮ್ಮೆಯಾಯಿತು.

ರಂಗದ ಮೇಲೆ ಎರಡು ಅಂತಸ್ತು ಕಟ್ಟಿದ್ದರು. ಮೇಲೆ ಸಾಹುಕಾರನ ಊಟದ ಕೋಣೆ. ಅದರ ನೆಲವೇ ಕೆಳಗಿನ ಗುಡಿಸಲಿಗೆ ಸೂರು. ಮೇಲಿನವರು ಕುರ್ಚಿ ಸರಿಸಿದರೆ ಕೆಳಗಿನವರ ತಟ್ಟೆಗೆ ಮಣ್ಣು ಉದುರುತ್ತಿತ್ತು. ಆ ಗುಡಿಸಲಿಗೆ ನಾನು ಬಾಗಿಲು. ಈ ಜಯತೀರ್ಥ ನಮ್ಮ ಕಷ್ಟ ತಿಳಿದವನು ಅಂದುಕೊಂಡೆ.

ಆದರೆ ತಾಲೀಮಿನ ದಿನ ಜಯತೀರ್ಥ ದೂರ ನಿಂತು ನನ್ನನ್ನು ನೋಡಿದ. "ಭಾಳ ಸ್ವಚ್ಛ ಅದ. ಬಡತನ ಕಾಣವಲ್ದು" ಅಂದ. ಸುತ್ತಿಗೆ ತಂದು ನನ್ನ ಎದೆ ಜಜ್ಜಿದ. ಹಸಿರು ಬಣ್ಣವನ್ನೆಲ್ಲ ಕೆರೆದು, ತುಕ್ಕಿನಂಥ ಕಂದು, ಮಸಿಯಂಥ ಕಪ್ಪು ಬಳಿದ. ಕೆಳಗಿನ ಮೂಲೆಯನ್ನು ಕತ್ತರಿಸಿ ಹರಕು ಮಾಡಿದ.

ಮೊದಲ ಪ್ರಯೋಗಕ್ಕೆ ಜನ ಕಣ್ಣೊರೆಸಿಕೊಂಡರು. ಸಜ್ಜಿಕೆಗೆ ಬಹುಮಾನವೂ ಬಂತು. ನಾಟಕ ಊರೂರು ತಿರುಗಿತು. ಮಾಬೂಬಿಯನ್ನು ಯಾರೂ ಕರೆಯಲಿಲ್ಲ.

ಒಂದು ಮಧ್ಯಾಹ್ನ ಅವಳೇ ಹುಡುಕಿಕೊಂಡು ತಾಲೀಮಿನ ಮನೆಗೆ ಬಂದಳು.

"ಸಾಹೇಬ್ರ, ಪರದೆನೂ ಬರ್ಲಿಲ್ಲ, ಬಾಗಲಾನೂ ಬರ್ಲಿಲ್ಲ. ನಾಯಿ ಒಳಗ ಹೊಕ್ಕು ಮಂದಿ ಕೌದಿ ಹರದಾವ್ರಿ. ಹೊಲಿಯಾಕ ಯಾರೂ ಕೊಡವಲ್ರು."

ನಾನು ಅವಳ ಎದುರಿಗೇ ಗೋಡೆಗೆ ಒರಗಿದ್ದೆ. ಅವಳು ಹತ್ತಿರ ಬಂದು ಮೇಲಿಂದ ಕೆಳಗೆ ನೋಡಿದಳು. ನನ್ನ ಮೇಲೆ ಕೈಯಿಟ್ಟಳು. ಈಗ ಹೆಸರು ಹಿಡಿದು ಕೂಗಿದಂತೆ ಗುರುತು ಹಿಡಿಯುತ್ತಾಳೆ ಅಂತ ಕಾದೆ.

"ಇದಲ್ಲ ಬಿಡ್ರಿ" ಅಂದಳು. "ನಮ್ಮ ಬಾಗಲಾ ಇಷ್ಟು ಹೊಲಸ ಇರ್ಲಿಲ್ಲ."

ಜಯತೀರ್ಥ ನೆಲ ನೋಡಿದ. ಬೆಳಗಾವಿಯ ಪ್ರಯೋಗ ಹತ್ತಿರವಿತ್ತು.

"ಹೌದವ್ವಾ, ಇದು ನಾವು ಮಾಡಿಸಿದ್ದು. ನಿಮ್ಮದು ಲಾರಿ ಒಳಗ ಎಲ್ಲೋ ಕಳೀತು" ಅಂದ.

ಅವಳು ಬೆರಳಿಗಂಟಿದ ಕಪ್ಪನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು.

ಈಗ ನಾಟಕ ನಿಂತಿದೆ. ಉಗ್ರಾಣದಲ್ಲಿ ರಟ್ಟಿನ ಸಿಂಹಾಸನಗಳ ಹಿಂದೆ ಬಿದ್ದಿದ್ದೇನೆ. ಮಾಬೂಬಿಯ ಮೇಲೆ ನನಗೆ ಸಿಟ್ಟಿಲ್ಲ; ಅವಳು ಕಂಡದ್ದನ್ನೇ ಹೇಳಿದಳು. ನನಗಂತೂ ಮಾತು ಬರದು. ಜಯತೀರ್ಥನಿಗೆ ಬರುತ್ತಿತ್ತು.